ಮನೆಗೆ ಹೊರಡುವ ಮುನ್ನ ಒಮ್ಮೆ ತಾಳೆ ನೋಡಿ
(ಫೆಬ್ರವರಿ 11: ಲೂರ್ದು ಮಾತೆಯ ಹಬ್ಬ, ವಿಶ್ವ ರೋಗಿಗಳ ದಿನ)



ಫೆಬ್ರವರಿ 11ರಂದು ನಾವು ಲೂರ್ದು ಮಾತೆಯ ಹಬ್ಬವನ್ನು ಆಚರಿಸುತ್ತೇವೆ. 1858ರಲ್ಲಿ ಫ್ರಾನ್ಸ್ ದೇಶದ ಲೂರ್ದ್ ಎಂಬ ಊರಿನ ಗವಿಯಲ್ಲಿ ಮಾತೆ ಮರಿಯಮ್ಮನವರು ಬೆರ್ನದೆತ್ ಎಂಬ ಬಡ ಹುಡುಗಿಗೆ ಮೊದಲ ಬಾರಿ ದರ್ಶನವಿತ್ತ ದಿನವಿದು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಇದೇ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಧರ್ಮಸಭೆಯು ಪ್ರತಿ ವರ್ಷ ಈ ದಿನ ರೋಗಿಗಳನ್ನೂ ಅವರ ಆರೈಕೆ ಮಾಡುವವರನ್ನೂ ನೆನೆದು ಪ್ರಾರ್ಥಿಸುತ್ತಾ ಬಂದಿದೆ.

ಬೆರ್ನದೆತ್ ಕಂಡ ದರ್ಶನದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಆ ಹುಡುಗಿ ಮುಂದೆ ಏನಾದಳು ಎಂಬುದು ಅಷ್ಟಾಗಿ ಗೊತ್ತಿಲ್ಲ. 1866ರಲ್ಲಿ ಆಕೆ ನೆವೆರ್ ಪಟ್ಟಣದ ಕನ್ಯಾಮಠವನ್ನು ಸೇರಿದಳು. ಅಲ್ಲಿ ಆಕೆಗೆ ಸಿಕ್ಕ ಕೆಲಸ ಮಠದ ರೋಗಿಗಳ ಕೋಣೆಯಲ್ಲಿ ಶುಶ್ರೂಷೆ ಮಾಡುವುದು. ತಾನೇ ಆಸ್ತಮಾದಿಂದ ನರಳುತ್ತಿದ್ದರೂ ಇತರ ಸಿಸ್ಟರುಗಳ ಹಾಸಿಗೆಯ ಬಳಿ ನಿಂತು ಹೊತ್ತು ಹೊತ್ತಿಗೆ ಔಷಧಿ ಕೊಡುತ್ತಿದ್ದಳು. 1879ರಲ್ಲಿ ಅದೇ ಮಠದಲ್ಲಿ ಪ್ರಭುವಿನ ಪಾದ ಸೇರಿದಳು. ಲೂರ್ದು ಮಾತೆಯನ್ನು ಕಂಡ ಕಣ್ಣುಗಳು ರೋಗಿಗಳ ಔಷಧಿಯ ಬಟ್ಟಲನ್ನೂ ಅಷ್ಟೇ ಜೋಪಾನವಾಗಿ ನೋಡಿದವು.

ಆದುದರಿಂದ ಈ ಹಬ್ಬದಂದು ಔಷಧಿಯ ಬಗ್ಗೆ, ಅದರಲ್ಲೂ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ನರ್ಸ್ ಮಾಡುವ ಒಂದು ಸಣ್ಣ ಕೆಲಸದ ಬಗ್ಗೆ ಬರೆಯುವುದು ಅನುಚಿತವಾಗಲಾರದು ಎಂದುಕೊಂಡಿದ್ದೇವೆ. ಕೆಲಸ ಸಣ್ಣದು, ಆದರೆ ಅದು ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಒಂದು ಸೋಮವಾರ ಮುಂಜಾನೆ ಕಲಿತೆವು.

ಆ ಸೋಮವಾರ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಅಜ್ಜಿಯೊಬ್ಬರಿದ್ದಾರೆ. ಬಹಳ ವರ್ಷಗಳಿಂದ ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ. ಒಮ್ಮೆ ಎದೆನೋವು ಬಂದು ಮಕ್ಕಳು ಅವರನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಎಂಟು ದಿನ ಒಳ್ಳೆಯ ಚಿಕಿತ್ಸೆ ಸಿಕ್ಕಿತು. ಶನಿವಾರ ಸಂಜೆ ಡಿಸ್ಚಾರ್ಜ್ ಆಯಿತು. ಬಿಲ್ಲು ಕಟ್ಟುವ ಸಾಲು, ಮೆಡಿಕಲ್ ಸ್ಟೋರಿನ ಸಾಲು, ಹೊರಗೆ ಕಾಯುತ್ತಿದ್ದ ಬಾಡಿಗೆ ಕಾರು. ಇಂಗ್ಲಿಷಿನಲ್ಲಿದ್ದ ಡಿಸ್ಚಾರ್ಜ್ ಸಮ್ಮರಿ ಮತ್ತು ಒಂದು ಚೀಲ ಮಾತ್ರೆ ಹಿಡಿದು ಮನೆ ತಲುಪುವಾಗ ರಾತ್ರಿಯಾಗಿತ್ತು.

ಭಾನುವಾರ ಬಲಿಪೂಜೆಯ ನಂತರ ನಾವು ಅವರ ಮನೆಗೆ ಪರಮಪ್ರಸಾದ ಕೊಂಡೊಯ್ದೆವು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹೊಸ ಮಾತ್ರೆಗಳ ಚೀಲವಿತ್ತು. ಅದರ ಪಕ್ಕದಲ್ಲೇ ಹಳೆಯ ಮಾತ್ರೆಗಳ ಬಿಸ್ಕತ್ತಿನ ಡಬ್ಬಿಯೂ ಇತ್ತು. ಎರಡನ್ನೂ ನಾವು ಕಣ್ಣಾರೆ ಕಂಡೆವು. ಪರಮಪ್ರಸಾದ ಕೊಟ್ಟು, ಪ್ರಾರ್ಥಿಸಿ, ಆಶೀರ್ವದಿಸಿ ಹಿಂದಿರುಗಿದೆವು. ಏನನ್ನೂ ಕೇಳಲಿಲ್ಲ.

ಸೋಮವಾರ ಬೆಳಗಿನ ಜಾವ ಮೊಮ್ಮಗನ ಫೋನ್ ಬಂತು. "ಸ್ವಾಮಿ, ಅಜ್ಜಿ ಸರಿಯಾಗಿ ಮಾತಾಡ್ತಿಲ್ಲ, ಬೇಗ ಬನ್ನಿ." ನಾವು ಅಭ್ಯಂಗದ ತೈಲ ಹಿಡಿದು ಓಡಿದೆವು. ಮನೆಯವರೆಲ್ಲ ಅಳುತ್ತಾ ಜಪಸರ ಹೇಳುತ್ತಿದ್ದರು. ಆದರೆ ನಮಗಿಂತ ಮೊದಲೇ ಪಕ್ಕದ ಬೀದಿಯ ನಿವೃತ್ತ ನರ್ಸ್ ಒಬ್ಬರು ಅಲ್ಲಿಗೆ ಬಂದಿದ್ದರು. ಅವರು ಅಜ್ಜಿಯ ಹಣೆ ಮುಟ್ಟಿದರು. ತಣ್ಣನೆಯ ಬೆವರು, ಕೈ ನಡುಕ, ತೊದಲು ಮಾತು. "ರಾತ್ರಿ ಊಟ ಮಾಡಿದ್ರಾ? ಶುಗರ್ ಮಾತ್ರೆ ಯಾವುದು ಕೊಟ್ರಿ?" ಎಂದಷ್ಟೇ ಕೇಳಿದರು. ಅಜ್ಜಿಗೆ ಇನ್ನೂ ನುಂಗುವಷ್ಟು ಎಚ್ಚರವಿದ್ದುದನ್ನು ನೋಡಿಕೊಂಡು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. 108ಕ್ಕೆ ಫೋನ್ ಮಾಡಿಸಿದರು. ನಾವು ಅಭ್ಯಂಗ ಸಂಸ್ಕಾರವನ್ನೂ ನೀಡಿದೆವು. ಆದರೆ ಆ ಹೊತ್ತು ದೇವರು ಆ ಜೀವವನ್ನು ಹಿಡಿದು ನಿಲ್ಲಿಸಿದ್ದು ನಾಲ್ಕು ಚಮಚ ಸಕ್ಕರೆಯ ಮೂಲಕ ಎಂಬುದನ್ನು ನಾವು ವಿನಯದಿಂದ ಒಪ್ಪಿಕೊಳ್ಳಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಅಜ್ಜಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಅಲ್ಲಿನ ನರ್ಸ್ ಚೀಲ ಮತ್ತು ಡಬ್ಬಿ ಎರಡನ್ನೂ ತರಿಸಿ ಮಂಚದ ಮೇಲೆ ಸುರಿದರು. ಒಂದೊಂದೇ ಸ್ಟ್ರಿಪ್ ಎತ್ತಿ ಹೆಸರು ಓದಿ ಜೋಡಿಸಿದರು. ಹಳೆಯ ಡಬ್ಬಿಯ ಶುಗರ್ ಮಾತ್ರೆಯ ಹೆಸರು ಒಂದು, ಹೊಸ ಚೀಲದ್ದು ಇನ್ನೊಂದು. ಕಂಪನಿ ಬೇರೆ, ಬಣ್ಣ ಬೇರೆ. ಆದರೆ ಎರಡರೊಳಗೂ ಇದ್ದುದು ಒಂದೇ ಔಷಧಿ, ಗ್ಲಿಮೆಪಿರೈಡ್. ಅಜ್ಜಿ ಎರಡನ್ನೂ ನುಂಗಿದ್ದರು. ಬಾಯಿ ರುಚಿ ಕೆಟ್ಟು ಊಟ ಅರ್ಧಕ್ಕಿಳಿದಿತ್ತು, ಮಾತ್ರೆ ಎರಡರಷ್ಟಾಗಿತ್ತು. ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

"ಅಜ್ಜಿ, ಹಳೇದು ಯಾಕೆ ತಗೊಂಡ್ರಿ?" ಎಂದು ನರ್ಸ್ ಕೇಳಿದಾಗ ಅಜ್ಜಿ ಹೇಳಿದ್ದು: "ನಿಲ್ಲಿಸು ಅಂತ ಯಾರೂ ಹೇಳ್ಲಿಲ್ವಲ್ಲಮ್ಮ. ದುಡ್ಡು ಕೊಟ್ಟು ತಂದಿದ್ದು, ಬಿಸಾಕೋಕಾಗುತ್ತಾ?"

ಆ ಮಾತಿನಲ್ಲಿ ತಪ್ಪೇನಿದೆ? ವೈದ್ಯರು ಸರಿಯಾದ ಮಾತ್ರೆಯನ್ನೇ ಬರೆದಿದ್ದರು. ಅಂಗಡಿಯವರು ಬರೆದದ್ದನ್ನೇ ಕೊಟ್ಟಿದ್ದರು. ಅಜ್ಜಿ ಹೇಳಿದಂತೆಯೇ ನುಂಗಿದ್ದರು. ಮಕ್ಕಳು ಪ್ರೀತಿಯಿಂದಲೇ ಕೊಟ್ಟಿದ್ದರು. ಸ್ವಾಮಿಗಳು ಬಂದು ಆಶೀರ್ವದಿಸಿಯೂ ಹೋಗಿದ್ದರು! ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಪ್ರಭು ನೀಡಿದ ಮನೆಯ ಆರೈಕೆ

ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಪ್ರಸಂಗವಿದೆ. ಹನ್ನೆರಡು ವರ್ಷದ ಬಾಲಕಿ. ಸತ್ತಳೆಂದು ಮನೆಯವರೆಲ್ಲ ಗೋಳಾಡುತ್ತಿದ್ದರು. ಪ್ರಭು ಯೇಸು ಆಕೆಯ ಕೈ ಹಿಡಿದು ಎಬ್ಬಿಸಿದರು. ಅಂಥ ಮಹಾ ಅದ್ಭುತವಾದ ಮೇಲೆ ಪ್ರಭು ಹೊರಟುಹೋಗಲಿಲ್ಲ. ಹುಡುಗಿಗೆ ತಿನ್ನಲು ಏನಾದರೂ ಕೊಡಿ ಎಂದು ಮನೆಯವರಿಗೆ ಹೇಳಿದರು. ಗುಣಪಡಿಸಿದ್ದು ಒಂದು ಕೆಲಸವಾದರೆ, ಗುಣವಾದವಳನ್ನು ಮನೆಯವರ ಕೈಗೆ ಸರಿಯಾಗಿ ಒಪ್ಪಿಸಿದ್ದು ಇನ್ನೊಂದು. ಪ್ರಭು ಎರಡನ್ನೂ ಮಾಡಿದರು.

ಸಂತ ಲೂಕರ ಹತ್ತನೆಯ ಅಧ್ಯಾಯದ ದಯಾಳು ಸಮಾರಿಯದವನೂ ಹಾಗೆಯೇ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಪಟ್ಟಿ ಕಟ್ಟಿದ. ಅಲ್ಲಿಗೆ ಅವನ ಕೆಲಸ ಮುಗಿಯಲಿಲ್ಲ. ಛತ್ರಕ್ಕೆ ಕರೆದೊಯ್ದ. ಮರುದಿನ ಹೊರಡುವಾಗ ಛತ್ರದವನನ್ನು ಕರೆದು, ಎರಡು ಬೆಳ್ಳಿ ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದ. ಒಂದು ಕೈಯಿಂದ ಇನ್ನೊಂದು ಕೈಗೆ ರೋಗಿ ಹೋಗುವಾಗ ಏನಾಗಿದೆ, ಇನ್ನು ಏನು ಆಗಬೇಕು, ಮತ್ತೆ ಯಾರನ್ನು ಕೇಳಬೇಕು ಎಂಬುದೆಲ್ಲ ಆ ಮಾತಿನಲ್ಲಿ ಅಡಗಿದೆ. ಈ ಒಪ್ಪಿಸುವಿಕೆಯೂ ಪ್ರೀತಿಯ ಕಾರ್ಯವೇ. ಇದೇ ಇಂದಿನ ನಮ್ಮ ಮಾತಿನ ತಿರುಳು.

ತಾಳೆ ನೋಡುವುದೆಂದರೇನು?

ಆಸ್ಪತ್ರೆಯವರು ಇದನ್ನು 'ಮೆಡಿಕೇಶನ್ ರಿಕನ್ಸಿಲಿಯೇಶನ್' ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಔಷಧಿಗಳ ತಾಳೆ ನೋಡುವುದು ಎನ್ನಬಹುದು. ಅಂಗಡಿಯವನು ರಾತ್ರಿ ಲೆಕ್ಕ ತಾಳೆ ಹಾಕುವಂತೆ, ರೋಗಿಯ ಔಷಧಿಗಳ ಲೆಕ್ಕವನ್ನೂ ಹಾಕಬೇಕು. ಇದರಲ್ಲಿ ಮೂರು ಪಟ್ಟಿಗಳಿವೆ. ಆಸ್ಪತ್ರೆಗೆ ಬರುವ ಮುನ್ನ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದದ್ದು ಮೊದಲನೆಯದು. ಆಸ್ಪತ್ರೆಯಲ್ಲಿ ಕೊಟ್ಟದ್ದು ಎರಡನೆಯದು. ಮನೆಗೆ ಹೋಗುವಾಗ ಬರೆದುಕೊಟ್ಟದ್ದು ಮೂರನೆಯದು. ಈ ಮೂರನ್ನೂ ಪಕ್ಕಪಕ್ಕ ಇಟ್ಟು, ಒಂದೊಂದು ಔಷಧಿಯನ್ನೂ ಈ ನಾಲ್ಕರಲ್ಲಿ ಒಂದು ಗುಂಪಿಗೆ ಸೇರಿಸಬೇಕು.

1. ಹಳೆಯದು, ಹಾಗೆಯೇ ಮುಂದುವರಿಯುತ್ತದೆ.
2. ಹಳೆಯದು, ಆದರೆ ಪ್ರಮಾಣ ಅಥವಾ ಸಮಯ ಬದಲಾಗಿದೆ.
3. ಹಳೆಯದು, ಇನ್ನು ಬೇಡ, ನಿಲ್ಲಿಸಿದೆ.
4. ಹೊಸದಾಗಿ ಸೇರಿದ್ದು, ಇಷ್ಟು ದಿನಕ್ಕೆ.

ಇವುಗಳಲ್ಲಿ ಸುಲಭವಾಗಿ ಬಿಟ್ಟುಹೋಗುವುದು ಮೂರನೆಯದು. ಚೀಟಿಯಲ್ಲಿ ತೆಗೆದುಕೊಳ್ಳಬೇಕಾದದ್ದನ್ನು ಬರೆಯುತ್ತಾರೆ, ನಿಲ್ಲಿಸಬೇಕಾದದ್ದನ್ನು ಬರೆಯಲು ಮರೆಯುತ್ತಾರೆ. ನಮ್ಮ ಅಜ್ಜಿಯ ವಿಷಯದಲ್ಲಿ ಆದದ್ದೂ ಇದೇ.

ಯಾವ ಔಷಧಿ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ವೈದ್ಯರು. ಆದರೆ ಹಗಲು ರಾತ್ರಿ ರೋಗಿಯ ಬಳಿ ಇದ್ದು ಔಷಧಿ ಕೊಟ್ಟವರು ನರ್ಸ್. ಪಟ್ಟಿಗಳಲ್ಲಿ ವ್ಯತ್ಯಾಸ ಕಂಡರೆ, "ಡಾಕ್ಟ್ರೇ, ಇವರು ಮನೆಯಲ್ಲಿ ಥೈರಾಯ್ಡ್ ಮಾತ್ರೆ ತಗೋತಿದ್ರು, ಈ ಚೀಟಿಯಲ್ಲಿ ಇಲ್ಲ, ಬಿಟ್ಟುಹೋಯಿತಾ, ಬೇಕಂತಲೇ ನಿಲ್ಲಿಸಿದ್ದಾ?" ಎಂದು ಕೇಳುವವರು ಅವರೇ. ಉತ್ತರ ಬಂದ ಮೇಲೆ ಅದನ್ನು ಬರೆಸಿ ರೋಗಿಗೂ ಮನೆಯವರಿಗೂ ತಿಳಿಸುತ್ತಾರೆ. ಕೊನೆಗೆ, "ನಾನು ಹೇಳಿದ್ದನ್ನು ಈಗ ನೀವು ನನಗೆ ಹೇಳಿ ನೋಡೋಣ" ಎಂದು ಕೇಳುತ್ತಾರೆ. ಇದು ಪರೀಕ್ಷೆಯಲ್ಲ. ತಾವು ಸರಿಯಾಗಿ ಹೇಳಿದ್ದೇವೆಯೇ ಎಂದು ತಮ್ಮನ್ನೇ ಪರೀಕ್ಷಿಸಿಕೊಳ್ಳುವ ರೀತಿ.

ಇದು ಯಾರೋ ಕೆಲವರ ಹೊಸ ಹುಚ್ಚಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಿಯಿಂದ ಹಾನಿಯಾಗದಿರಲಿ ಎಂಬ ಉದ್ದೇಶದ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿತು. ಅದು ಗುರುತಿಸಿದ ಮೂರು ಮುಖ್ಯ ಅಪಾಯದ ಜಾಗಗಳು ಹೀಗಿವೆ: ಅಪಾಯ ಹೆಚ್ಚಿರುವ ಔಷಧಿಗಳು ಮತ್ತು ಸನ್ನಿವೇಶಗಳು, ಒಬ್ಬರೇ ಹಲವು ಔಷಧಿ ತೆಗೆದುಕೊಳ್ಳುವುದು, ಮತ್ತು ರೋಗಿಯ ಆರೈಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುವುದು. ಆಸ್ಪತ್ರೆಯಿಂದ ಮನೆಗೆ ಬರುವ ನಮ್ಮ ಹಿರಿಯರಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಆಚರಿಸುವ ವಿಶ್ವ ರೋಗಿ ಸುರಕ್ಷತಾ ದಿನಕ್ಕೆ 2022ರಲ್ಲಿ ಔಷಧಿಗಳ ಸುರಕ್ಷತೆಯೇ ವಿಷಯವಾಗಿತ್ತು.

ತಪ್ಪು ಎಲ್ಲಿ ನುಸುಳುತ್ತದೆ?

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕುಟುಂಬಗಳ ಸ್ಥಿತಿಯನ್ನೇ ನೋಡಿ. ಬಿ.ಪಿ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ. ಮಂಡಿನೋವಿಗೆ ಊರಿನ ಡಾಕ್ಟರು. ಜ್ವರಕ್ಕೆ ನೇರವಾಗಿ ಮೆಡಿಕಲ್ ಸ್ಟೋರು. ದೊಡ್ಡ ಕಾಯಿಲೆಗೆ ಬೆಂಗಳೂರು. ನಾಲ್ಕು ಕಡೆ ನಾಲ್ಕು ಚೀಟಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾಲ್ಕೂ ಬಂದು ಸೇರುವುದು ಮನೆಯ ಒಂದೇ ಡಬ್ಬಿಯಲ್ಲಿ.

ಮೊದಲ ತೊಡಕು ಹೆಸರಿನದು. ಡೋಲೋ, ಕ್ಯಾಲ್ಪಾಲ್, ಕ್ರೋಸಿನ್ ಮೂರೂ ನಮಗೆ ಗೊತ್ತಿರುವ ಹೆಸರುಗಳೇ. ಮೂರರೊಳಗೂ ಇರುವುದು ಪ್ಯಾರಾಸಿಟಮಾಲ್. ನೆಗಡಿಯ ಅನೇಕ ಮಾತ್ರೆಗಳಲ್ಲೂ ಅದೇ ಇರುತ್ತದೆ. ದೊಡ್ಡವರಿಗೂ ಒಂದು ದಿನಕ್ಕೆ ಎಲ್ಲ ಸೇರಿ 4 ಗ್ರಾಂ ಮೀರಬಾರದು, ಮೀರಿದರೆ ಯಕೃತ್ತಿಗೆ ಪೆಟ್ಟು. ಸರ್ಕಾರಿ ಆಸ್ಪತ್ರೆಯ ಮತ್ತು ಜನೌಷಧಿ ಕೇಂದ್ರದ ಸ್ಟ್ರಿಪ್‌ಗಳ ಮೇಲೆ ಔಷಧಿಯ ಮೂಲ ಹೆಸರಿರುತ್ತದೆ, ಖಾಸಗಿ ಅಂಗಡಿಯದ್ದರ ಮೇಲೆ ಕಂಪನಿಯಿಟ್ಟ ಹೆಸರು ಎದ್ದು ಕಾಣುತ್ತದೆ. ಒಂದೇ ಮಾತ್ರೆ ಎರಡು ವೇಷ ಹಾಕಿ ಬಂದಂತೆ. ವೈದ್ಯರು ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು 2016ರಲ್ಲೇ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ಮಾಡಿತ್ತು. ಸ್ಟ್ರಿಪ್ ಮೇಲಿನ ಮೂಲ ಹೆಸರನ್ನು ಹುಡುಕಿ ಓದುವ ಅಭ್ಯಾಸ ನಮಗೂ ಬರಬೇಕು.

ಎರಡನೆಯ ತೊಡಕು, ತಾತ್ಕಾಲಿಕವಾಗಿ ನಿಲ್ಲಿಸಿದ್ದು ಮತ್ತು ಶಾಶ್ವತವಾಗಿ ನಿಲ್ಲಿಸಿದ್ದರ ನಡುವಿನ ಗೊಂದಲ. ಆಸ್ಪತ್ರೆಯಲ್ಲಿ ಬಿ.ಪಿ. ತೀರಾ ಇಳಿದಿತ್ತೆಂದು ಮಾತ್ರೆ ನಿಲ್ಲಿಸಿರಬಹುದು. ಡೈ ಹಾಕಿ ಸ್ಕ್ಯಾನ್ ಮಾಡಬೇಕೆಂದು ಕಿಡ್ನಿ ದುರ್ಬಲವಾಗಿರುವವರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೆಲವು ದಿನ ತಡೆದಿರಬಹುದು. ಮತ್ತೆ ಯಾವಾಗ ಶುರು ಮಾಡಬೇಕೆಂದು ಹೇಳದಿದ್ದರೆ ಕೆಲವರು ಅಂದೇ ನುಂಗುತ್ತಾರೆ, ಕೆಲವರು ಎಂದೂ ನುಂಗುವುದಿಲ್ಲ.

ಮೂರನೆಯದು ಒಂದಕ್ಕೊಂದು ಹೊಂದದ ಔಷಧಿಗಳು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಮೈಕೈ ನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚು.

ನಾಲ್ಕನೆಯದು ಹೊತ್ತಿನ ತಪ್ಪು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೊಮ್ಮೆ ಮಾತ್ರ. ಅದನ್ನು ಪ್ರತಿದಿನ ನುಂಗಿ ಪ್ರಾಣ ಕಳೆದುಕೊಂಡವರು ಜಗತ್ತಿನಲ್ಲಿ ಅನೇಕರು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯನ್ನು ನುಂಗಿ ಊಟ ಬಿಡುವಂತಿಲ್ಲ.

ಮುಚ್ಚಿಡದೆ ಹೇಳಿ

'ರಿಕನ್ಸಿಲಿಯೇಶನ್' ಎಂಬ ಆ ಇಂಗ್ಲಿಷ್ ಪದವನ್ನು ಗಮನಿಸಿದಿರಾ? ನಮ್ಮ ಪಾಪನಿವೇದನೆಯ ಸಂಸ್ಕಾರವನ್ನು ಇಂಗ್ಲಿಷಿನಲ್ಲಿ ಕರೆಯುವುದೂ ಅದೇ ಹೆಸರಿನಿಂದ. ಮುರಿದುಹೋದ ಸಂಬಂಧವನ್ನು ಮತ್ತೆ ಸರಿಹೊಂದಿಸುವುದು ಅಲ್ಲಿ, ಬೇರೆಬೇರೆಯಾದ ಪಟ್ಟಿಗಳನ್ನು ಸರಿಹೊಂದಿಸುವುದು ಇಲ್ಲಿ. ಎರಡಕ್ಕೂ ಒಂದು ಷರತ್ತು ಸಮಾನ. ಮುಚ್ಚಿಡದೆ ಹೇಳಬೇಕು.

ಆಸ್ಪತ್ರೆಯಲ್ಲಿ ನಾವು ಮುಚ್ಚಿಡುವುದು ಎಷ್ಟೊಂದು! ಮಾತ್ರೆ ಮುಗಿದು ತಿಂಗಳಾದರೂ, ದುಡ್ಡಿಲ್ಲದೆ ತಂದಿರಲಿಲ್ಲ ಎಂದು ಹೇಳಲು ನಾಚಿಕೆ. "ದಿನಾ ತಗೋತೀನಿ" ಎಂದುಬಿಡುತ್ತೇವೆ. ಅದನ್ನು ನಂಬಿ ವೈದ್ಯರು, ಇಷ್ಟು ಮಾತ್ರೆ ಸಾಲುತ್ತಿಲ್ಲವೆಂದು ಪ್ರಮಾಣ ಏರಿಸುತ್ತಾರೆ. ಮನೆಗೆ ಬಂದು ಎಲ್ಲವನ್ನೂ ತಪ್ಪದೆ ನುಂಗಿದಾಗ ತಲೆ ಸುತ್ತಿ ಬೀಳುತ್ತೇವೆ. ನಾಟಿ ಔಷಧಿ, ಕಷಾಯ, ಪುಡಿಗಳ ವಿಷಯವನ್ನಂತೂ ಡಾಕ್ಟರು ಬೈಯುತ್ತಾರೆಂದು ಹೇಳುವುದೇ ಇಲ್ಲ. ಕೆಮ್ಮಿಗೆ ಬಳಸುವ ಅತಿಮಧುರವನ್ನೇ ಹೆಚ್ಚಾಗಿ, ಬಹುದಿನ ಸೇವಿಸಿದರೆ ಬಿ.ಪಿ. ಏರುತ್ತದೆ. ಗಿಡಮೂಲಿಕೆಯೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ದೇವರು ಭೂಮಿಯಿಂದಲೇ ಔಷಧಿಗಳನ್ನು ಉಂಟುಮಾಡಿದರೆಂದೂ, ಬುದ್ಧಿವಂತರು ಅವನ್ನು ತಾತ್ಸಾರ ಮಾಡುವುದಿಲ್ಲವೆಂದೂ ಸಿರಾಖನ ಗ್ರಂಥದ 38ನೆಯ ಅಧ್ಯಾಯ ತಿಳಿಸುತ್ತದೆ. ಅದೇ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆಂದೂ ಹೇಳುತ್ತದೆ. ಸತ್ಯ ಹೇಳುವುದು ಆ ಗೌರವದ ಮೊದಲ ಗುರುತು. ಕುಡಿತದ ವಿಷಯವೂ ಹಾಗೆಯೇ. ನರ್ಸ್ ಕೇಳುವುದು ತೀರ್ಪು ಕೊಡಲಿಕ್ಕಲ್ಲ, ಔಷಧಿ ಹೊಂದುತ್ತದೆಯೇ ಎಂದು ತಿಳಿಯಲಿಕ್ಕೆ.

ಚೀಟಿಯ ಭಾಷೆ

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. 0-0-1 ಎಂದರೆ ರಾತ್ರಿ ಮಾತ್ರ. ಓ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವ ಹೊತ್ತಿಗೆ. ಎಸ್.ಓ.ಎಸ್. ಎಂದರೆ ತೊಂದರೆಯಾದಾಗ ಮಾತ್ರ. ನೋವಿಗೆಂದು ಹೀಗೆ ಬರೆದ ಮಾತ್ರೆಯನ್ನು ದಿನಕ್ಕೆ ಮೂರು ಸಲ ತಪ್ಪದೆ ನುಂಗುವವರನ್ನು ನಾವು ಕಂಡಿದ್ದೇವೆ. ಎ.ಸಿ. ಎಂದರೆ ಊಟಕ್ಕೆ ಮುಂಚೆ, ಪಿ.ಸಿ. ಎಂದರೆ ಊಟದ ನಂತರ. ಈ ಅಕ್ಷರಗಳು ಗೊತ್ತಿಲ್ಲದಿರುವುದು ಅವಮಾನವಲ್ಲ. ಗೊತ್ತಿಲ್ಲದೆ ಗೊತ್ತಿರುವವರಂತೆ ತಲೆಯಾಡಿಸುವುದು ಅಪಾಯ. ಸ್ಟ್ರಿಪ್ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡಿ ಎಂದು ಧೈರ್ಯವಾಗಿ ಕೇಳಿ. ಓದು ಬಾರದ ಅಜ್ಜಿಗೂ ಅದು ಅರ್ಥವಾಗುತ್ತದೆ.

ಮನೆಯವರು ಮಾಡಬೇಕಾದದ್ದು

ಆಸ್ಪತ್ರೆಗೆ ಹೊರಡುವಾಗಲೇ ಮನೆಯ ಮಾತ್ರೆಗಳನ್ನೆಲ್ಲ, ಕಣ್ಣಿನ ಹನಿ, ಇನ್ಸುಲಿನ್, ಇನ್‌ಹೇಲರ್, ಪುಡಿ, ಕಷಾಯ ಸಮೇತ ಒಂದು ಚೀಲಕ್ಕೆ ಹಾಕಿ ಕೊಂಡೊಯ್ಯಿರಿ. ಯಾವ ಔಷಧಿಯಿಂದಾದರೂ ಹಿಂದೆ ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಮೊದಲೇ ಹೇಳಿ.

ಡಿಸ್ಚಾರ್ಜ್ ದಿನ ಮನೆಯಲ್ಲಿ ನಿಜವಾಗಿ ಮಾತ್ರೆ ಕೊಡುವವರು ರೋಗಿಯ ಜೊತೆಯಲ್ಲಿರಲಿ. ಅದು ಸೊಸೆಯಾಗಿರಬಹುದು, ಮೊಮ್ಮಗಳಾಗಿರಬಹುದು. ಬಿಲ್ಲು ಕಟ್ಟುವ ಮಗನಿಗೆ ಹೇಳಿದ್ದು ಅಡುಗೆಮನೆಯವರೆಗೆ ತಲುಪುವುದಿಲ್ಲ. ಮಾತ್ರೆಗಳನ್ನು ಅಂಗಡಿಯಿಂದ ತಂದ ಮೇಲೆ ನೇರವಾಗಿ ಕಾರು ಹತ್ತಬೇಡಿ. ವಾರ್ಡಿಗೆ ಹಿಂದಿರುಗಿ ನರ್ಸಿಗೆ ತೋರಿಸಿ, ಹೀಗೆ ಕೇಳಿ: ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು? ಯಾವುದು ಬದಲಾಗಿದೆ? ಹೊಸದು ಯಾತಕ್ಕೆ, ಎಷ್ಟು ದಿನ? ಇವತ್ತಿನದು ಯಾವುದು ಕೊಟ್ಟಾಯಿತು, ರಾತ್ರಿ ಯಾವುದರಿಂದ ಶುರು? ಏನಾದರೆ ತಕ್ಷಣ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು?

ಮನೆಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ನಿಲ್ಲಿಸಿದ ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ಬೇರೆಡೆ ಇಡಿ. ಸಂಶಯವಿದ್ದರೆ ಹತ್ತಿರದ ಆರೋಗ್ಯ ಕೇಂದ್ರದ ನರ್ಸಿಗೆ ಅಥವಾ ವೈದ್ಯರಿಗೆ ತೋರಿಸಿ. ಆದರೆ ಈ ಲೇಖನ ಓದಿ ಯಾರೂ ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆ, ಬಹುದಿನ ತೆಗೆದುಕೊಂಡ ಸ್ಟೀರಾಯ್ಡ್ ಇವನ್ನು ಥಟ್ಟನೆ ಬಿಟ್ಟರೆ ಪ್ರಾಣಾಪಾಯ.

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇದೊಂದು ಎಲ್ಲರಿಗೂ ತಿಳಿದಿರಲಿ. ಬೆವರು, ನಡುಕ, ಹಸಿವು, ಗೊಂದಲದ ಮಾತು ಕಂಡರೆ ಸಕ್ಕರೆ ಇಳಿದಿರಬಹುದು. ರಕ್ತಪರೀಕ್ಷೆಯಲ್ಲಿ 70ಕ್ಕಿಂತ ಕಡಿಮೆಯಿದ್ದರೆ ಅದು ಇಳಿದಿದೆ ಎಂದೇ ಅರ್ಥ. ನುಂಗಬಲ್ಲವರಾದರೆ ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ, 15 ನಿಮಿಷದ ನಂತರ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿದರೂ ಮತ್ತೆ ಇಳಿಯಬಹುದು. ಆದುದರಿಂದ ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ನರ್ಸ್ ಬಂಧುಗಳಿಗೆ

ನರ್ಸುಗಳನ್ನೂ ಕನ್ಯಾಸ್ತ್ರೀಯರನ್ನೂ ನಮ್ಮ ಜನ ಒಂದೇ ಮಾತಿನಿಂದ 'ಸಿಸ್ಟರ್' ಎಂದು ಕರೆಯುತ್ತಾರೆ. ಅದಕ್ಕೆ ಕಾರಣವೂ ಇದೆ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು ಸಂತ ಮಾರ್ಥಾ ಆಸ್ಪತ್ರೆಯನ್ನು ಆರಂಭಿಸಿದ್ದು 1886ರಲ್ಲಿ. ವೈದ್ಯೆಯೂ ಕನ್ಯಾಸ್ತ್ರೀಯೂ ಆಗಿದ್ದ ಆಸ್ಟ್ರೇಲಿಯಾದ ಸಿಸ್ಟರ್ ಮೇರಿ ಗ್ಲೌರಿಯವರು ಗುಂಟೂರಿನಲ್ಲಿ ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆ ಮತ್ತು ಔಷಧಿ ವಿತರಣೆಯನ್ನು ಕಲಿಸಿದರು. 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. 1957ರಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಬೆಂಗಳೂರಿನಲ್ಲಿಯೇ. 1963ರಲ್ಲಿ ಭಾರತದ ಧರ್ಮಾಧ್ಯಕ್ಷರು ಸಂತ ಜಾನರ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಈ ಪರಂಪರೆಯ ವಾರಸುದಾರರು ನೀವು.

ನಿಮ್ಮ ಕಷ್ಟ ನಮಗೆ ತಿಳಿಯದ್ದೇನಲ್ಲ. ಒಬ್ಬರಿಗೆ ಎಷ್ಟೊಂದು ರೋಗಿಗಳು, ಎಷ್ಟೊಂದು ಬರವಣಿಗೆ. ಒಂದೇ ಸಂಜೆ ಐದಾರು ಡಿಸ್ಚಾರ್ಜ್, ಮಂಚ ಖಾಲಿಯಾಗಲೆಂದು ಕಾಯುವ ಹೊಸ ರೋಗಿ, ಬೇಗ ಬಿಡಿ ಎಂದು ರೇಗುವ ಬಂಧುಗಳು. ಆ ರೇಗುವವರು ನಾವೇ ಎಂಬುದನ್ನೂ ಒಪ್ಪಿಕೊಳ್ಳುತ್ತೇವೆ. ಆದರೂ ಆ ಹತ್ತು ನಿಮಿಷವನ್ನು ಬಿಟ್ಟುಕೊಡಬೇಡಿ. ಆಸ್ಪತ್ರೆಗಳನ್ನು ನಡೆಸುವವರು, ಅದರಲ್ಲೂ ನಮ್ಮ ಧರ್ಮಸಭೆಯ ಸಂಸ್ಥೆಗಳನ್ನು ನಡೆಸುವವರು, ನರ್ಸುಗಳಿಗೆ ಆ ಹತ್ತು ನಿಮಿಷ ಸಿಗುವಂತೆ ವ್ಯವಸ್ಥೆ ಮಾಡಬೇಕು. ಸಮಯ ಕೊಡದೆ ಹೊಣೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಮನೆಯವರಿಗೆ ಕಲಿಸಿದರೆ ಫಲವುಂಟು ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ನೂರಾ ಹೆಲ್ತ್ ಎಂಬ ಸಂಸ್ಥೆಯು ನಾರಾಯಣ ಆಸ್ಪತ್ರೆಗಳ ಜೊತೆಗೂಡಿ, ರೋಗಿ ಮನೆಗೆ ಹೋಗುವ ಮುನ್ನ ನರ್ಸುಗಳ ಮೂಲಕ ಮನೆಯವರಿಗೆ ಆರೈಕೆಯನ್ನು ಕಲಿಸುವ ಪದ್ಧತಿಯನ್ನು ಆರಂಭಿಸಿತು. ಮುಂದೆ ಅದು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂತು. ವಾರ್ಡಿನಲ್ಲಿ ಸುಮ್ಮನೆ ಕಾಯುತ್ತಾ ಕುಳಿತ ಅಮ್ಮ, ಅಕ್ಕ, ಸೊಸೆಯನ್ನೇ ಆರೈಕೆಯ ಸಂಗಾತಿಯನ್ನಾಗಿ ಮಾಡಿಕೊಳ್ಳುವ ಯೋಚನೆ ಅದು. ಛತ್ರದವನನ್ನು ಕರೆದು ಮಾತಾಡಿದ ಸಮಾರಿಯದವನ ದಾರಿಯೂ ಇದೇ ಅಲ್ಲವೇ?

ಈ ಹಬ್ಬದ ನಿರ್ಧಾರ

ನಮ್ಮ ಅಜ್ಜಿ ಈಗ ಚೆನ್ನಾಗಿದ್ದಾರೆ. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಸೂಜಿ, ದಾರ, ಗುಂಡಿ ಇವೆ. ಗೋಡೆಯ ಮೇಲೆ ತಿರುಹೃದಯದ ಪಟದ ಕೆಳಗೆ ಮೊಮ್ಮಗ ಬರೆದ ಪಟ್ಟಿಯಿದೆ, ಸೂರ್ಯ ಚಂದ್ರರ ಸಮೇತ.

ನಾವೂ ಒಂದು ಪಾಠ ಕಲಿತಿದ್ದೇವೆ. ಈಗ ಯಾವುದೇ ಮನೆಗೆ ಪರಮಪ್ರಸಾದ ಕೊಂಡೊಯ್ದಾಗ, ಪ್ರಾರ್ಥನೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳದೆ ಬರುವುದಿಲ್ಲ: "ಹಳೆಯ ಮಾತ್ರೆ, ಹೊಸ ಮಾತ್ರೆ ಯಾರಾದರೂ ಜೋಡಿಸಿ ನೋಡಿದ್ದಾರಾ?" ನಮಗೆ ಔಷಧಿ ತಿಳಿಯದು. ಆದರೆ ಕೇಳುವುದಕ್ಕೆ ಔಷಧಿ ತಿಳಿದಿರಬೇಕಾಗಿಲ್ಲ. ಇಲ್ಲ ಎಂದರೆ ನಮ್ಮ ಧರ್ಮಕೇಂದ್ರದ ಯಾರಾದರೂ ನರ್ಸಿಗೆ ಫೋನ್ ಮಾಡುತ್ತೇವೆ. ವಿಶ್ವ ರೋಗಿಗಳ ದಿನದಂದು ಅಭ್ಯಂಗದ ಬಲಿಪೂಜೆಗೆ ಬರುವಾಗ ಹಿರಿಯರು ತಮ್ಮ ಮಾತ್ರೆಗಳ ಚೀಲವನ್ನೂ ತರಲಿ. ಪೂಜೆಯ ನಂತರ ಧರ್ಮಕೇಂದ್ರದ ನರ್ಸುಗಳು ಅರ್ಧ ಗಂಟೆ ಕುಳಿತು ಪಟ್ಟಿ ಬರೆದುಕೊಡಲಿ, ಸಂಶಯ ಬಂದದ್ದನ್ನು ವೈದ್ಯರ ಬಳಿಗೆ ಕಳುಹಿಸಲಿ. ಪ್ರತಿ ಧರ್ಮಕೇಂದ್ರದಲ್ಲಿಯೂ ಇದು ಸಾಧ್ಯ. ಖರ್ಚು ಒಂದು ಹಾಳೆ, ಒಂದು ಪೆನ್ನು.

ಬಾಲಕಿಯನ್ನು ಎಬ್ಬಿಸಿ, ಆಕೆಗೆ ಊಟ ಕೊಡಲು ಮರೆಯದ ಪ್ರಭು ಯೇಸು, ನಮ್ಮ ಆಸ್ಪತ್ರೆಗಳ ವೈದ್ಯರನ್ನೂ ದಾದಿಯರನ್ನೂ ಆಶೀರ್ವದಿಸಲಿ. ರೋಗಿಗಳಿಗೆ ಆರೋಗ್ಯದಾಯಿನಿಯಾದ ಲೂರ್ದು ಮಾತೆಯು, ಈ ಸಂಜೆ ಮಾತ್ರೆಯ ಚೀಲ ಹಿಡಿದು ಮನೆಗೆ ಹೊರಟಿರುವ ಎಲ್ಲರ ಜೊತೆ ಬಾಗಿಲವರೆಗೂ ಬರಲಿ. ಕೇಳುವ ಧೈರ್ಯವನ್ನು ನಮಗೂ, ಹೇಳುವ ತಾಳ್ಮೆಯನ್ನು ಅವರಿಗೂ ಕರುಣಿಸಲಿ. ಆಮೆನ್.